ಮುಳುಗಿದ ಹಡಗಿನ ಮೂಳೆಗಳಲ್ಲಿ ನಾವಿಕರ ಬದುಕನ್ನು ಓದುವ ಬಗೆ

1545ರ ಜುಲೈ 19ರಂದು ಇಂಗ್ಲೆಂಡಿನ ದಕ್ಷಿಣ ತೀರದ ಸೋಲೆಂಟ್ ಜಲಸಂಧಿಯಲ್ಲಿ, ಫ್ರೆಂಚ್ ನೌಕಾಪಡೆಯನ್ನು ಎದುರಿಸುತ್ತಿದ್ದಾಗಲೇ, ದೊರೆ ಎಂಟನೆಯ ಹೆನ್ರಿಯ ಯುದ್ಧನೌಕೆ ಮೇರಿ ರೋಸ್ ಒಂದು ಮಗ್ಗುಲಿಗೆ ವಾಲಿ ಮುಳುಗಿತು. 400ಕ್ಕೂ ಹೆಚ್ಚು ಜನರಿದ್ದ ಆ ಹಡಗಿನಿಂದ ಬದುಕಿ ಬಂದವರು 35ಕ್ಕಿಂತ ಕಡಿಮೆ. ಶತ್ರುಗಳು ಹತ್ತಿ ಬರದಂತೆ ಮೇಲಿನ ಡೆಕ್‌ಗೆ ಬಿಗಿದಿದ್ದ ಬಲೆಯಿಂದಾಗಿ ಒಳಗಿದ್ದವರು ಹೊರಬರಲಾಗಲಿಲ್ಲ. ಹಡಗಿನ ಉಳಿದ ಭಾಗವನ್ನು 1982ರ ಅಕ್ಟೋಬರ್ 11ರಂದು ನೀರಿನಿಂದ ಮೇಲೆತ್ತಲಾಯಿತು. ಅದರ ಉತ್ಖನನದಲ್ಲಿ 19,000ಕ್ಕೂ ಹೆಚ್ಚು ವಸ್ತುಗಳೂ ಕನಿಷ್ಠ 179 ಜನರ ಮೂಳೆಗಳೂ ದೊರೆತಿವೆ. ಇವರಲ್ಲಿ ಬಹುತೇಕರ ಹೆಸರು ಯಾವ ದಾಖಲೆಯಲ್ಲಿಯೂ ಇಲ್ಲ. ಅಧಿಕಾರಿಗಳ ಪತ್ರಗಳು ಉಳಿದಿವೆ, ಆಹಾರ ಸಾಮಗ್ರಿಯ ಲೆಕ್ಕಗಳು ಉಳಿದಿವೆ, ಆದರೆ ಹಗ್ಗ ಎಳೆದವನು, ಫಿರಂಗಿ ತಳ್ಳಿದವನು, ಅಡುಗೆ ಬೇಯಿಸಿದವನು ತನ್ನ ಬಗ್ಗೆ ಒಂದು ಸಾಲನ್ನೂ ಬರೆದಿಟ್ಟಿಲ್ಲ. ಅವರ ದೇಹಗಳು ಮಾತ್ರ ಉಳಿದಿವೆ, ಹಾಗಾಗಿ ಅವರನ್ನು ಕುರಿತು ತಿಳಿಯಬೇಕಾದರೆ ಆ ದೇಹಗಳನ್ನು ಓದುವುದನ್ನು ಕಲಿಯಬೇಕು.

ಇತಿಹಾಸ ಮತ್ತು ಮಾನವಶಾಸ್ತ್ರದ ವಿದ್ಯಾರ್ಥಿಗಳು, ಅಧ್ಯಾಪಕರು, ಪೋರ್ಟ್ಸ್‌ಮತ್‌ನ ಮೇರಿ ರೋಸ್ ವಸ್ತುಸಂಗ್ರಹಾಲಯದಲ್ಲೋ ಸ್ಟಾಕ್‌ಹೋಮ್‌ನ ವಾಸಾ ವಸ್ತುಸಂಗ್ರಹಾಲಯದಲ್ಲೋ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲುವ ಪ್ರವಾಸಿಗರು, ಇಂಥ ಅಧ್ಯಯನಗಳ ವರದಿಯನ್ನು ಪತ್ರಿಕೆಯಲ್ಲಿ ಓದುವವರು ಇವರೆಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ತಜ್ಞರು ಯಾವ ಮೂಳೆಯನ್ನು ಯಾವ ಪ್ರಶ್ನೆಗಾಗಿ ನೋಡುತ್ತಾರೆ, ಉತ್ತರ ಎಲ್ಲಿ ಗಟ್ಟಿ, ಎಲ್ಲಿ ಊಹೆ ಎಂಬುದನ್ನು ಕ್ರಮವಾಗಿ ವಿವರಿಸುವುದು ಇದರ ಉದ್ದೇಶ.

ಹಡಗಿಗೂ ಸ್ಮಶಾನಕ್ಕೂ ಇರುವ ವ್ಯತ್ಯಾಸ

ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೆಂದರೆ, ಹಳೆಯ ಸ್ಮಶಾನದಲ್ಲಿ ಸಿಗುವ ಅಸ್ಥಿಪಂಜರಗಳು ಬಹುಮಟ್ಟಿಗೆ ಕಾಯಿಲೆಯಿಂದಲೋ ಮುಪ್ಪಿನಿಂದಲೋ ಸತ್ತವರವು, ಮತ್ತು ಅವು ನೂರಾರು ವರ್ಷಗಳ ಅವಧಿಯಲ್ಲಿ ಒಂದೊಂದಾಗಿ ಅಲ್ಲಿ ಸೇರಿದವು. ಮುಳುಗಿದ ಹಡಗಿನಲ್ಲಿ ಸಿಗುವವರು ಆ ದಿನ ಬೆಳಿಗ್ಗೆ ಎದ್ದು ಕೆಲಸಕ್ಕೆ ನಿಂತಿದ್ದವರು. ಸಾವಿನ ದಿನಾಂಕ ಗೊತ್ತು, ಕಾರಣ ಗೊತ್ತು, ಎಲ್ಲರೂ ಒಂದೇ ಕಾಲದವರು ಎಂಬುದೂ ಗೊತ್ತು. ಆದ್ದರಿಂದ 20 ವರ್ಷದ ಯುವಕನ ಬೆನ್ನೆಲುಬಿನಲ್ಲಿ ಮುದುಕರಲ್ಲಿ ಕಾಣುವಂಥ ಸವೆತ ಕಂಡರೆ ಅದನ್ನು ಅವನ ಬದುಕಿನ, ಬಹುಶಃ ಅವನ ದುಡಿಮೆಯ, ಗುರುತೆಂದು ತೆಗೆದುಕೊಳ್ಳಲು ಇಲ್ಲಿ ಹೆಚ್ಚಿನ ಆಧಾರವಿದೆ. ಮೂಳೆಯ ಅಧ್ಯಯನ ಮಾಡುವವರಿಗೆ ಇಂಥ ಅವಕಾಶ ಬಲು ಅಪರೂಪ.

ಆದರೆ ಹಡಗೂ ಸಮಾಜದ ಸರಿಯಾದ ಮಾದರಿಯಲ್ಲ. ಅಲ್ಲಿದ್ದವರು ಆರಿಸಿ ತಂದ, ದುಡಿಯಲು ಶಕ್ತರಾದ ಗಂಡಸರು ಮತ್ತು ಹುಡುಗರು. ಅವರಲ್ಲಿಯೂ ನಮಗೆ ದೊರೆತಿರುವುದು ಕೆಳಗಿನ ಡೆಕ್‌ಗಳಲ್ಲಿ ಸಿಕ್ಕಿಬಿದ್ದವರು ಮಾತ್ರ, ಮೇಲಿದ್ದವರ ದೇಹಗಳು ಅಲೆಗಳ ಪಾಲಾದವು. ಮೇರಿ ರೋಸ್ ತನ್ನ ಬಲಮಗ್ಗುಲಿಗೆ ಒರಗಿ ತಳ ಸೇರಿತು. ಆ ಮಗ್ಗುಲನ್ನು ನುಣುಪಾದ ಹೂಳು ಬೇಗ ಮುಚ್ಚಿದ್ದರಿಂದ ಮರ, ಚರ್ಮ, ಮೂಳೆ ಎಲ್ಲವೂ ಉಳಿದವು. ಮೇಲೆ ತೆರೆದುಕೊಂಡಿದ್ದ ಎಡಮಗ್ಗುಲನ್ನು ನೀರಿನ ಸೆಳೆತವೂ ಮರ ಕೊರೆಯುವ ಜೀವಿಗಳೂ ತಿಂದು ಹಾಕಿದವು. ಯಾವುದೇ ವರದಿಯನ್ನು ಓದುವಾಗ ಹಡಗಿನಲ್ಲಿದ್ದವರು ಎಷ್ಟು, ಸಿಕ್ಕಿದವರು ಎಷ್ಟು, ಸಿಗದವರು ಎಲ್ಲಿದ್ದವರು ಎಂಬ ಮೂರು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಬೇಕು.

ಮೂಳೆ ಸಿಕ್ಕ ಜಾಗ

ನೀರಿನಿಂದ ತೆಗೆದು ಮೇಜಿನ ಮೇಲಿಟ್ಟ ತೊಡೆಮೂಳೆ ಒಬ್ಬ ಮನುಷ್ಯನ ಎತ್ತರವನ್ನಷ್ಟೇ ಹೇಳೀತು. ಅದೇ ಮೂಳೆ ಯಾವ ಡೆಕ್‌ನಲ್ಲಿ, ಯಾವ ಫಿರಂಗಿಯ ಪಕ್ಕದಲ್ಲಿ, ಯಾವ ವಸ್ತುಗಳ ನಡುವೆ ಇತ್ತು ಎಂಬ ಟಿಪ್ಪಣಿ ಜೊತೆಗಿದ್ದರೆ ಅದು ಒಬ್ಬ ಕೆಲಸಗಾರನ ಕಥೆಯನ್ನು ಹೇಳತೊಡಗುತ್ತದೆ. ಆದ್ದರಿಂದ ಸಾಗರತಳದ ಉತ್ಖನನದಲ್ಲಿ ಮುಳುಗುಗಾರರು ಪ್ರತಿ ಮೂಳೆಯ ಸ್ಥಾನವನ್ನೂ ಅಳೆದು ಗುರುತಿಸಿಕೊಂಡ ಮೇಲಷ್ಟೇ ಅದನ್ನು ಎತ್ತುತ್ತಾರೆ.

ಇದಕ್ಕೆ ಅತ್ಯುತ್ತಮ ನಿದರ್ಶನ ಅಮೆರಿಕದ ಅಂತರ್ಯುದ್ಧದ ಕಾಲದ ಜಲಾಂತರ್ಗಾಮಿ ಹನ್ಲಿಯದು. 1864ರ ಫೆಬ್ರವರಿ 17ರಂದು ದಕ್ಷಿಣ ಕ್ಯಾರೊಲೈನಾದ ಚಾರ್ಲ್ಸ್‌ಟನ್ ಬಳಿ ಶತ್ರುನೌಕೆಯನ್ನು ಮುಳುಗಿಸಿ ತಾನೂ ಮುಳುಗಿದ ಈ ನೌಕೆಯನ್ನು 2000ದ ಆಗಸ್ಟ್ 8ರಂದು ಮೇಲೆತ್ತಲಾಯಿತು. ಒಳಗೆ ಎಂಟು ಜನರ ಅಸ್ಥಿಗಳಿದ್ದವು. ನೌಕೆಯ ನಾಯಕ ಜಾರ್ಜ್ ಡಿಕ್ಸನ್ ಎಂಬಾತ 1862ರ ಶೈಲೋ ಕದನದಲ್ಲಿ ತೊಡೆಗೆ ಗುಂಡು ತಗುಲಿದಾಗ ಜೇಬಿನಲ್ಲಿದ್ದ ಚಿನ್ನದ ನಾಣ್ಯದಿಂದ ಬದುಕುಳಿದನೆಂಬ ಮಾತು ಹಿಂದಿನಿಂದಲೂ ಪ್ರಚಲಿತವಾಗಿತ್ತು. ನಾಯಕನ ಸ್ಥಾನದಲ್ಲಿದ್ದ ಅಸ್ಥಿಗಳ ಬಳಿ ಬಾಗಿದ 20 ಡಾಲರಿನ ಚಿನ್ನದ ನಾಣ್ಯವೊಂದು ಸಿಕ್ಕಿತು. ಅದರ ಮೇಲೆ ಶೈಲೋ ಎಂಬ ಹೆಸರು, ಕದನದ ದಿನಾಂಕ, ತನ್ನ ಪ್ರಾಣ ಕಾಯ್ದದ್ದು ಇದು ಎಂಬ ಮಾತು, ಅವನ ಹೆಸರಿನ ಮೊದಲಕ್ಷರಗಳು ಕೆತ್ತಲ್ಪಟ್ಟಿದ್ದವು. ಎಡ ತೊಡೆಮೂಳೆಯಲ್ಲಿ ಮಾಗಿದ ಗುಂಡಿನ ಗಾಯವೂ ಕಂಡಿತು. ನಾಣ್ಯ ಮಾತ್ರ ಸಿಕ್ಕಿದ್ದರೆ ಅದು ಯಾರ ಜೇಬಿನದು ಎಂಬ ಸಂದೇಹ ಉಳಿಯುತ್ತಿತ್ತು. ಗಾಯದ ಮೂಳೆ ಮಾತ್ರ ಸಿಕ್ಕಿದ್ದರೆ ಯುದ್ಧಕಾಲದ ಸಾವಿರಾರು ಗಾಯಾಳುಗಳಲ್ಲಿ ಇವನೂ ಒಬ್ಬನೆನ್ನಿಸುತ್ತಿತ್ತು. ಸ್ಥಾನ, ವಸ್ತು, ಮೂಳೆ ಮೂರೂ ಒಂದೇ ಮಾತನ್ನು ಹೇಳಿದ್ದರಿಂದ ಗುರುತು ಗಟ್ಟಿಯಾಯಿತು.

ಎಲ್ಲ ಕಡೆಯೂ ಇಂಥ ಅದೃಷ್ಟವಿರುವುದಿಲ್ಲ. ನೀರಿನಲ್ಲಿ ಶವ ಕೊಳೆಯುವಾಗ ಕೆಳದವಡೆ, ಕೈ, ಪಾದಗಳು ಬೇಗ ಕಳಚಿಕೊಳ್ಳುತ್ತವೆ, ಉಳಿದ ಭಾಗ ತೇಲಿ ಇನ್ನೆಲ್ಲೋ ಸೇರುತ್ತದೆ. ಹಡಗು ವಾಲಿದಾಗ ಪೆಟ್ಟಿಗೆಗಳು, ಆಯುಧಗಳು ಒಂದೆಡೆಯಿಂದ ಇನ್ನೊಂದೆಡೆಗೆ ಉರುಳಿರುತ್ತವೆ. ವಸ್ತುಸಂಗ್ರಹಾಲಯದವರು ಒಂದು ಅಸ್ಥಿಪಂಜರವನ್ನು ಅಡುಗೆಯವನೆಂದೋ ಬಡಗಿಯೆಂದೋ ಕರೆದಿದ್ದರೆ, ಅದು ಸಿಕ್ಕ ಜಾಗವನ್ನೂ ಹತ್ತಿರದ ವಸ್ತುಗಳನ್ನೂ ಆಧರಿಸಿದ ಸಮಂಜಸವಾದ ಊಹೆಯೆಂದು ತಿಳಿಯಬೇಕು. ಒಲೆಯ ಬಳಿ ಸಿಕ್ಕವನು ಒಲೆ ಹೊತ್ತಿಸುವವನೇ ಆಗಿರಬೇಕಿಲ್ಲ, ಮುಳುಗುವ ಹಡಗಿನಲ್ಲಿ ಅಲ್ಲಿಗೆ ಓಡಿ ಬಂದವನೂ ಆಗಿರಬಹುದು.

ಎಣಿಕೆ, ಜೋಡಣೆ, ಗಂಡು-ಹೆಣ್ಣಿನ ಗುರುತು

ಸಾವಿರಾರು ಬಿಡಿ ಮೂಳೆಗಳು ಬೆರೆತಿರುವಾಗ ಸತ್ತವರ ಸಂಖ್ಯೆಯನ್ನು ನೇರವಾಗಿ ಎಣಿಸಲಾಗದು. ಒಬ್ಬನಿಗೆ ಒಂದೇ ಇರುವ ಮೂಳೆಯನ್ನು, ಅಥವಾ ಒಂದೇ ಪಕ್ಕದ ಮೂಳೆಯನ್ನು ಎಣಿಸುವುದು ವಾಡಿಕೆ. 40 ಎಡ ತೊಡೆಮೂಳೆಗಳೂ 52 ತಲೆಬುರುಡೆಗಳೂ ಸಿಕ್ಕರೆ ಅಲ್ಲಿ ಕನಿಷ್ಠ 52 ಜನರಿದ್ದರು ಎನ್ನಬಹುದು, ನಿಜವಾದ ಸಂಖ್ಯೆ ಅದಕ್ಕಿಂತ ಹೆಚ್ಚಿರಬಹುದು. ಮೇರಿ ರೋಸ್‌ನ 179 ಎಂಬುದು ಇಂಥ ಕನಿಷ್ಠ ಸಂಖ್ಯೆ. ಆಮೇಲೆ ಎಡ-ಬಲ ಮೂಳೆಗಳ ಅಳತೆ, ಕೀಲುಗಳು ಒಂದಕ್ಕೊಂದು ಕೂಡುವ ರೀತಿ, ವಯಸ್ಸಿನ ಹಂತ ಇವನ್ನು ಹೊಂದಿಸಿ ನೋಡಿ ಒಬ್ಬೊಬ್ಬನನ್ನೂ ಮತ್ತೆ ಜೋಡಿಸಬೇಕು. ಮೇರಿ ರೋಸ್‌ನ ಮೂಳೆಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಅಸ್ಥಿತಜ್ಞೆ ಆನ್ ಸ್ಟರ್ಲ್ಯಾಂಡ್ ಅವರ ತಾಳ್ಮೆಯಿಂದ 92 ಜನರ ಅಸ್ಥಿಪಂಜರಗಳು ಬಹುಮಟ್ಟಿಗೆ ಪೂರ್ಣ ರೂಪಕ್ಕೆ ಬಂದವು. ಈ ಕೆಲಸವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಈ ಜೋಡಣೆ ಸರಿಯಿದ್ದರೆ ಮಾತ್ರ ಸರಿ.

ಗಂಡೋ ಹೆಣ್ಣೋ ಎಂಬುದನ್ನು ಮುಖ್ಯವಾಗಿ ಸೊಂಟದ ಮೂಳೆಯಿಂದ ತಿಳಿಯುತ್ತಾರೆ. ಹೆಣ್ಣಿನಲ್ಲಿ ಅದು ಅಗಲವಾಗಿರುತ್ತದೆ, ಅದರ ಮುಂಭಾಗದ ಕೋನವೂ ದೊಡ್ಡದು. ಆದರೆ ಅದೂ ಮುರಿದಿದ್ದರೆ ತಪ್ಪಾಗಬಹುದು. 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗಿನ ಅಸ್ಥಿಗಳಿಗೆ ಸಂಶೋಧಕರು ಅಕ್ಷರಗಳನ್ನು ಗುರುತಾಗಿ ಕೊಟ್ಟಿದ್ದರು. ‘ಜಿ’ ಎಂಬ ಗುರುತಿನ ವ್ಯಕ್ತಿಯನ್ನು ಬಹುಕಾಲ ಗಂಡಸೆಂದೇ ಭಾವಿಸಿ ಗುಸ್ತಾವ್ ಎಂದು ಕರೆಯುತ್ತಿದ್ದರು. ಸೊಂಟದ ಮೂಳೆಯ ಆಕಾರದಿಂದ ಹುಟ್ಟಿದ ಸಂದೇಹವನ್ನು ಡಿಎನ್‌ಎ ಪರೀಕ್ಷೆ ದೃಢಪಡಿಸಿತು, ಮತ್ತು ಅದು ಹೆಂಗಸಿನ ಅಸ್ಥಿ ಎಂದು 2023ರಲ್ಲಿ ಪ್ರಕಟವಾಯಿತು. ಈಗ ಅವಳ ಹೆಸರು ಗರ್ಟ್ರೂಡ್. ನಾವಿಕರ ಹೆಂಡತಿಯರು ಬಂದರಿನಿಂದ ಹೊರಡುವ ಮೊದಲ ಹಂತದಲ್ಲಿ ಜೊತೆಗೆ ಹೋಗಬಹುದಾಗಿತ್ತು ಎಂಬುದು ಇಲ್ಲಿ ನೆನಪಿಡಬೇಕಾದ ಸಂಗತಿ. ಯುದ್ಧನೌಕೆ ಎಂದಾಕ್ಷಣ ಗಂಡಸರನ್ನೇ ನಿರೀಕ್ಷಿಸುವ ನಮ್ಮ ಮನಸ್ಸು ಮೂಳೆಯನ್ನು ನೋಡುವ ಕಣ್ಣನ್ನೂ ಬಾಗಿಸುತ್ತದೆ.

ವಯಸ್ಸನ್ನು ಹೇಳುವುದು ಯುವಕರಲ್ಲಿ ಸುಲಭ. ಉದ್ದ ಮೂಳೆಗಳ ತುದಿಗಳು ಒಂದೊಂದು ವಯಸ್ಸಿಗೆ ಒಂದೊಂದರಂತೆ ನಡುಭಾಗಕ್ಕೆ ಬೆಸೆದುಕೊಳ್ಳುತ್ತವೆ. ಕೊರಳೆಲುಬಿನ ಒಳತುದಿ ಎಲ್ಲಕ್ಕಿಂತ ತಡವಾಗಿ, ಇಪ್ಪತ್ತರ ಪ್ರಾಯ ಮುಗಿಯುವ ಹೊತ್ತಿಗೆ, ಬೆಸೆಯುತ್ತದೆ. ಬೆಸುಗೆಗಳೆಲ್ಲ ಮುಗಿದ ಮೇಲೆ ಕೀಲುಗಳ ಮತ್ತು ಹಲ್ಲುಗಳ ಸವೆತವನ್ನು ನೋಡಿ ಅಂದಾಜು ಮಾಡಬೇಕಾಗುತ್ತದೆ. ಕಠಿಣ ದುಡಿಮೆಯ ನಾವಿಕರಲ್ಲಿ ಆ ಸವೆತವೇ ಬೇಗ ಬರುವುದರಿಂದ ಅಂದಾಜು ಎಡವುವ ಸಾಧ್ಯತೆ ಇಲ್ಲಿ ಹೆಚ್ಚು. ಮೇರಿ ರೋಸ್‌ನವರಲ್ಲಿ ಹೆಚ್ಚಿನವರು 30 ದಾಟದವರು, ಹದಿಮೂರರ ಆಸುಪಾಸಿನ ಹುಡುಗರೂ ಇದ್ದರು. ತೊಡೆಮೂಳೆಯಿಂದ ಲೆಕ್ಕ ಹಾಕಿದ ಸರಾಸರಿ ಎತ್ತರ ಸುಮಾರು 170 ಸೆಂ.ಮೀ. ಹಳೆಯ ಕಾಲದವರು ಕುಳ್ಳರಾಗಿದ್ದರೆಂಬ ಸಾಮಾನ್ಯ ನಂಬಿಕೆಗೆ ಈ ಅಂಕಿ ಒಪ್ಪುವುದಿಲ್ಲ.

ಬಾಲ್ಯದ ಕಷ್ಟದ ಗೆರೆಗಳು

ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್ ಬಾಲ್ಯದಲ್ಲಿ ಒಮ್ಮೆ ರೂಪುಗೊಂಡರೆ ಮತ್ತೆ ಬದಲಾಗುವುದಿಲ್ಲ. ಮಗು ಹಸಿವಿನಿಂದಲೋ ಜ್ವರದಿಂದಲೋ ಬಳಲಿದಾಗ ಎನಾಮೆಲ್ ಬೆಳೆಯುವುದು ನಿಂತು, ಹಲ್ಲಿನ ಅಡ್ಡಕ್ಕೆ ಸಣ್ಣ ಗೆರೆ ಉಳಿಯುತ್ತದೆ. ಗೆರೆ ಹಲ್ಲಿನ ಯಾವ ಎತ್ತರದಲ್ಲಿದೆ ಎಂಬುದರಿಂದ ಆ ಕಷ್ಟ ಬಂದ ವಯಸ್ಸನ್ನು ಅಂದಾಜು ಮಾಡಬಹುದು. ಎಕ್ಸ್‌ರೇಯಲ್ಲಿ ಉದ್ದ ಮೂಳೆಗಳ ಒಳಗೆ ಕಾಣುವ ಅಡ್ಡ ಗೆರೆಗಳನ್ನೂ ಬೆಳವಣಿಗೆ ತಡೆದುದರ ಗುರುತೆಂದು ಓದುವುದುಂಟು. ಕಣ್ಣುಗುಳಿಯ ಮೇಲ್ಛಾವಣಿಯಲ್ಲಿ ಸಣ್ಣ ರಂಧ್ರಗಳ ಗುಂಪು ಕಂಡರೆ ರಕ್ತಹೀನತೆಯ ಸಾಧ್ಯತೆಯನ್ನು ಯೋಚಿಸುತ್ತಾರೆ. ಕಾಲಿನ ಮೂಳೆ ಬಿಲ್ಲಿನಂತೆ ಬಾಗಿದ್ದರೆ ಬಾಲ್ಯದಲ್ಲಿ ಡಿ ಜೀವಸತ್ವದ ಕೊರತೆಯಿಂದ ಬರುವ ರಿಕೆಟ್ಸ್ ಕಾಯಿಲೆಯನ್ನು ಗುರುತಿಸುತ್ತಾರೆ. ಮೇರಿ ರೋಸ್‌ನವರಲ್ಲಿ ರಿಕೆಟ್ಸ್ ಮತ್ತು ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿಯ ಗುರುತುಗಳನ್ನು ಸ್ಟರ್ಲ್ಯಾಂಡ್ ಕಂಡಿದ್ದಾರೆ. ಸ್ಕರ್ವಿ ಎಂದೊಡನೆ ಸಾಗರಯಾನ ನೆನಪಾಗುವುದು ಸಹಜ. ಆದರೆ ಮಾಗಿದ ಹಳೆಯ ಗುರುತುಗಳು ಹಡಗು ಹತ್ತುವ ಮೊದಲಿನ, ಹಳ್ಳಿಯ ಬಡತನದ ದಿನಗಳವೂ ಆಗಿರಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಗೆರೆ ಮೂಡುವಷ್ಟು ಕಷ್ಟಪಟ್ಟ ಮಗು ಆ ಕಷ್ಟವನ್ನು ದಾಟಿ ಬದುಕಿತು ಎಂಬುದಕ್ಕೂ ಅದೇ ಗೆರೆ ಸಾಕ್ಷಿ. ಗೆರೆಯಿಲ್ಲದ ಹಲ್ಲು ಸುಖದ ಬಾಲ್ಯವನ್ನೇ ಸೂಚಿಸುತ್ತದೆ ಎನ್ನಲಾಗದು. ಬೇಗ ಕೊಲ್ಲುವ ರೋಗಗಳು ಮೂಳೆಯ ಮೇಲೆ ಗುರುತು ಬಿಡುವಷ್ಟು ಸಮಯವನ್ನೇ ಕೊಡುವುದಿಲ್ಲ.

ದುಡಿಮೆ ಮೂಳೆಯಲ್ಲಿ ಉಳಿಯುವ ರೀತಿ

ಈ ಇಡೀ ಅಧ್ಯಯನದಲ್ಲಿ ನನ್ನ ಮನಸ್ಸನ್ನು ಹೆಚ್ಚು ಹಿಡಿದಿರುವ ಭಾಗ ಇದು, ತಪ್ಪು ತೀರ್ಮಾನಗಳು ಹೆಚ್ಚು ಹುಟ್ಟುವ ಭಾಗವೂ ಇದೇ. ಮೂಳೆ ಜೀವಂತ ವಸ್ತು. ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಅದು ದಪ್ಪವಾಗುತ್ತದೆ, ಸ್ನಾಯು ಅಂಟಿಕೊಂಡ ಜಾಗ ಒರಟಾಗುತ್ತದೆ, ಕೀಲಿನ ಅಂಚು ಸವೆದು ಹೊಸ ಮುಳ್ಳುಗಳನ್ನು ಬೆಳೆಸುತ್ತದೆ.

ಹೆಗಲಿನ ಹಲಗೆಮೂಳೆಯ ಮೇಲ್ತುದಿಯನ್ನು ನೋಡಿ. ಭುಜದ ಮೇಲೆ ಕೈಯಿಟ್ಟರೆ ತಗಲುವ ಗಟ್ಟಿ ಭಾಗವೇ ಅದು. ಆ ತುದಿ ಬಾಲ್ಯದಲ್ಲಿ ಪ್ರತ್ಯೇಕ ತುಂಡಾಗಿದ್ದು ಪ್ರಾಯಕ್ಕೆ ಬರುವ ಹೊತ್ತಿಗೆ ಉಳಿದ ಮೂಳೆಗೆ ಬೆಸೆದುಕೊಳ್ಳಬೇಕು. ಮೇರಿ ರೋಸ್‌ನವರಲ್ಲಿ ಅದು ಬೆಸೆಯದೆ ಬಿಡಿಯಾಗಿಯೇ ಉಳಿದಿರುವ ಪ್ರಮಾಣ ಶೇಕಡ 12ಕ್ಕೂ ಹೆಚ್ಚು, ಸಾಮಾನ್ಯವಾಗಿ ಇತರ ಸಮುದಾಯಗಳಲ್ಲಿ ಕಾಣುವುದಕ್ಕಿಂತ ಇದು ಬಹಳ ಹೆಚ್ಚು. ಹಡಗಿನಲ್ಲಿ 137 ಪೂರ್ಣ ಉದ್ದಬಿಲ್ಲುಗಳೂ ಸಾವಿರಾರು ಬಾಣಗಳೂ ಸಿಕ್ಕಿದ್ದವು. ಆ ಬಿಲ್ಲುಗಳನ್ನು ಪೂರ್ತಿ ಎಳೆಯಲು 45 ಕಿಲೋಗ್ರಾಂಗಿಂತ ಹೆಚ್ಚಿನ, ಕೆಲವಕ್ಕೆ 70 ಕಿಲೋಗ್ರಾಂ ಮೀರಿದ ಸೆಳೆತ ಬೇಕಿತ್ತೆಂದು ಅಂದಾಜಿದೆ. ಹೆನ್ರಿಯ ಕಾಲದ ಕಾನೂನು ಏಳು ವರ್ಷದ ಹುಡುಗನಿಗೂ ತಂದೆ ಬಿಲ್ಲು ಒದಗಿಸಿ ಅಭ್ಯಾಸ ಮಾಡಿಸಬೇಕೆಂದು ವಿಧಿಸಿತ್ತು. ಬೆಸೆಯಬೇಕಾದ ವಯಸ್ಸಿನಲ್ಲಿ ಹೆಗಲಿನ ಮೇಲೆ ನಿರಂತರವಾಗಿ ಇಷ್ಟು ಸೆಳೆತ ಬಿದ್ದುದರಿಂದ ಆ ತುದಿ ಕೂಡಿಕೊಳ್ಳಲಿಲ್ಲ ಎಂಬುದು ಸ್ಟರ್ಲ್ಯಾಂಡ್ ಅವರ ವಿವರಣೆ.

ಈ ವಾದದ ಬಲ ಎಲ್ಲಿದೆ ಎಂಬುದನ್ನು ಗಮನಿಸಿ. ಒಬ್ಬನ ಹೆಗಲಿನಲ್ಲಿ ಹೀಗಿದ್ದರೆ ಅದರಿಂದ ಏನನ್ನೂ ಹೇಳಲಾಗದು, ವಂಶಪಾರಂಪರ್ಯವೂ ಕಾರಣವಿರಬಹುದು. ಇಡೀ ಗುಂಪಿನಲ್ಲಿ ಪ್ರಮಾಣ ಹೆಚ್ಚಿದೆ, ಅದೇ ಹಡಗಿನಲ್ಲಿ ಬಿಲ್ಲುಗಳಿವೆ, ಹುಡುಗರಿಂದಲೇ ಅಭ್ಯಾಸ ಬೇಕೆಂದು ಕಾನೂನು ಹೇಳುತ್ತದೆ. ಈ ಮೂರೂ ಸೇರಿ ವಾದಕ್ಕೆ ಬಲ ತಂದಿವೆ. ಹಾಗೆಂದು ಬೆಸೆಯದ ಹೆಗಲಿನವರೆಲ್ಲರೂ ಬಿಲ್ಲುಗಾರರೆಂದು ಹೆಸರಿಡುವುದು ಸರಿಯಲ್ಲ.

ಬೆನ್ನುಮಣಿಗಳ ವಿಷಯವೂ ಹೀಗೆಯೇ. ಎರಡು ಬೆನ್ನುಮಣಿಗಳ ನಡುವಿನ ಮೆತ್ತೆ ಭಾರಕ್ಕೆ ಒತ್ತಿಕೊಂಡು ಮಣಿಯ ಮೈಯೊಳಗೆ ನುಗ್ಗಿದರೆ ಅಲ್ಲಿ ಬೆರಳ ತುದಿಯಿಟ್ಟು ಮುಟ್ಟಬಹುದಾದ ತಗ್ಗು ಉಳಿಯುತ್ತದೆ. ಸಣ್ಣ ವಯಸ್ಸಿನಲ್ಲಿ ಭಾರ ಹೊತ್ತವರಲ್ಲಿ ಇದು ಹೆಚ್ಚು. ಮೇರಿ ರೋಸ್‌ನ ಮುಖ್ಯ ಡೆಕ್‌ನಲ್ಲಿ ಕಂಚಿನ ಫಿರಂಗಿಯೊಂದರ ಬಳಿ ದೊರೆತ ಆರು ಜನರ ಮೈಕಟ್ಟು ದೃಢವಾಗಿದ್ದು, ಬೆನ್ನೆಲುಬಿನಲ್ಲಿ ವಯಸ್ಸಿಗೆ ಮೀರಿದ ಒತ್ತಡದ ಗುರುತುಗಳಿದ್ದವು. ಟನ್‌ಗಟ್ಟಲೆ ತೂಕದ ಫಿರಂಗಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತಿದ್ದ ತಂಡವೇ ಇದಾಗಿರಬಹುದೆಂದು ಸ್ಟರ್ಲ್ಯಾಂಡ್ ಸೂಚಿಸಿದರು. ತಗ್ಗಾದ ಡೆಕ್‌ಗಳಲ್ಲಿ ಬಗ್ಗಿ ನಡೆಯುವುದು, ಅಲುಗಾಡುವ ನೆಲದ ಮೇಲೆ ಹಗ್ಗ ಎಳೆಯುವುದು ಕೂಡ ಇಂಥ ಗುರುತುಗಳನ್ನು ಬಿಡಬಲ್ಲವು ಎಂಬುದನ್ನು ಮರೆಯಬಾರದು.

ಮುರಿತವನ್ನು ಓದುವಾಗ ಅದರ ಅಂಚನ್ನು ನೋಡಬೇಕು. ಅಂಚು ದುಂಡಗಾಗಿ ಹೊಸ ಮೂಳೆ ಬೆಳೆದಿದ್ದರೆ ಅವನು ಆ ಪೆಟ್ಟಿನ ಬಳಿಕ ವಾರಗಳೋ ವರ್ಷಗಳೋ ಬದುಕಿದ್ದ. ಅಂಚು ಹರಿತವಾಗಿದ್ದು ಒಳಮೈಯೂ ಹೊರಮೈಯ ಬಣ್ಣವನ್ನೇ ಪಡೆದಿದ್ದರೆ ಮುರಿತ ಸಾವಿನ ಹೊತ್ತಿನದೋ ಅನಂತರ ಹಡಗಿನ ತೊಲೆ ಕುಸಿದು ಆದದ್ದೋ ಆಗಿರಬಹುದು. ಮುರಿದ ಜಾಗ ಮಾತ್ರ ಬೆಳ್ಳಗಿದ್ದರೆ ಅದು ಉತ್ಖನನದಲ್ಲಿ ಆದದ್ದು. ಹಾಗೆಯೇ ಮೂಳೆಯ ಮೇಲಿನ ಕೆಂಪು ಕಲೆ ಕಬ್ಬಿಣದ ತುಕ್ಕಿನಿಂದಲೂ ಹಸಿರು ಕಲೆ ಕಂಚು-ತಾಮ್ರಗಳಿಂದಲೂ ಬಂದಿರುತ್ತದೆ, ಅವಕ್ಕೂ ರೋಗಕ್ಕೂ ಸಂಬಂಧವಿಲ್ಲ.

ಉಂಡ ಅನ್ನ, ಬೆಳೆದ ಊರು

ಹಲ್ಲು ಮತ್ತು ಮೂಳೆಯಲ್ಲಿರುವ ಮೂಲಧಾತುಗಳ ಐಸೊಟೋಪ್‌ಗಳನ್ನು, ಅಂದರೆ ಒಂದೇ ಧಾತುವಿನ ತೂಕದಲ್ಲಿ ಭಿನ್ನವಾದ ರೂಪಗಳನ್ನು, ಅಳೆದು ಆಹಾರವನ್ನೂ ಬಾಲ್ಯದ ನೆಲೆಯನ್ನೂ ಅಂದಾಜು ಮಾಡುವ ವಿಧಾನ ಕಳೆದ ಕೆಲವು ದಶಕಗಳಲ್ಲಿ ಬಹಳ ಬೆಳೆದಿದೆ. ಓದುಗರು ನೆನಪಿಡಬೇಕಾದ ನಿಯಮ ಸರಳವಾಗಿದೆ: ಎನಾಮೆಲ್ ಬಾಲ್ಯವನ್ನು ಹೇಳುತ್ತದೆ, ಮೂಳೆ ತನ್ನನ್ನು ತಾನು ನವೀಕರಿಸಿಕೊಳ್ಳುತ್ತಲೇ ಇರುವುದರಿಂದ ಸಾಯುವ ಮೊದಲಿನ ವರ್ಷಗಳನ್ನು ಹೇಳುತ್ತದೆ.

ಇಂಗಾಲದ ಐಸೊಟೋಪ್‌ಗಳು ಯಾವ ಬಗೆಯ ಸಸ್ಯ ಆಹಾರದ ಬುನಾದಿಯಾಗಿತ್ತು ಎಂಬುದನ್ನು ತೋರಿಸುತ್ತವೆ. ಗೋಧಿ, ಬಾರ್ಲಿ, ಭತ್ತ ಒಂದು ಗುಂಪು. ಮೆಕ್ಕೆಜೋಳ, ಜೋಳ, ರಾಗಿ, ಸಜ್ಜೆ ಇನ್ನೊಂದು ಗುಂಪು, ಬಿಸಿಲನ್ನು ಬಳಸಿ ಆಹಾರ ತಯಾರಿಸುವ ಅವುಗಳ ರಾಸಾಯನಿಕ ಮಾರ್ಗವೇ ಬೇರೆ. ಹಳೆ ಮೈಸೂರಿನ ಮುದ್ದೆ ಉಣ್ಣುವವನ ಮೂಳೆಗೂ ಕರಾವಳಿಯ ಕುಚ್ಚಲಕ್ಕಿ ಗಂಜಿ ಉಣ್ಣುವವನ ಮೂಳೆಗೂ ಇದೇ ಕಾರಣದಿಂದ ವ್ಯತ್ಯಾಸ ಕಾಣಬೇಕು. ಹನ್ಲಿಯ ಎಂಟು ಜನರಲ್ಲಿ ನಾಲ್ವರು ಮೆಕ್ಕೆಜೋಳ ತಿಂದು ಬೆಳೆದ ಅಮೆರಿಕದವರು, ಉಳಿದ ನಾಲ್ವರು ಗೋಧಿ-ಬಾರ್ಲಿಯ ಯುರೋಪಿನಲ್ಲಿ ಬೆಳೆದವರು ಎಂದು ಗುರುತಿಸಲು ಈ ವಿಧಾನವೇ ನೆರವಾಯಿತು. ಸಾರಜನಕದ ಐಸೊಟೋಪ್‌ಗಳು ಮಾಂಸ, ಮೀನು ಮುಂತಾದವುಗಳ ಪಾಲನ್ನು ಸೂಚಿಸುತ್ತವೆ.

ನೆಲೆಯ ಪ್ರಶ್ನೆಗೆ ಬೇರೆ ಧಾತುಗಳು ಬೇಕು. ಸ್ಟ್ರಾಂಷಿಯಂ ಆ ಊರಿನ ಕಲ್ಲು-ಮಣ್ಣಿನಿಂದ ಬೆಳೆಯ ಮೂಲಕ ಹಲ್ಲಿಗೆ ಬರುತ್ತದೆ, ಆಮ್ಲಜನಕ ಕುಡಿದ ನೀರಿನಿಂದ ಬಂದು ಹವಾಮಾನದ ಸುಳಿವು ಕೊಡುತ್ತದೆ, ಗಂಧಕ ಸಮುದ್ರದ ಸಾಮೀಪ್ಯವನ್ನು ಹೇಳಬಲ್ಲದು. ಹಡಗಿನ ಅಸ್ಥಿಗಳಲ್ಲಿ ಒಂದು ವಿಶೇಷ ತೊಡಕಿದೆ. ಸಮುದ್ರದ ನೀರಿನಲ್ಲಿಯೂ ಸ್ಟ್ರಾಂಷಿಯಂ ಹೇರಳವಾಗಿರುವುದರಿಂದ ಶತಮಾನಗಳ ಕಾಲ ಅದರಲ್ಲಿ ನೆನೆದ ಮೂಳೆ ಅದನ್ನು ಹೀರಿಕೊಂಡಿರುತ್ತದೆ. ದಟ್ಟವಾದ ಎನಾಮೆಲ್ ಈ ಬೆರಕೆಯನ್ನು ಹೆಚ್ಚು ತಡೆಯುತ್ತದೆ. ಆದ್ದರಿಂದ ಸಾಗರತಳದ ಅಸ್ಥಿಯ ಹುಟ್ಟೂರನ್ನು ಹೇಳುವ ವರದಿ ಎನಾಮೆಲ್ ಬಳಸಿದೆಯೇ ಎಂದು ನೋಡುವುದು ಅಗತ್ಯ.

ಮೇರಿ ರೋಸ್‌ನ ಎಂಟು ಜನರ ಹಲ್ಲುಗಳನ್ನು ಈ ಐದೂ ಧಾತುಗಳಿಗಾಗಿ ಪರೀಕ್ಷಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಐವರು ಪಶ್ಚಿಮ ಬ್ರಿಟನ್ನಿನಲ್ಲಿ ಬಾಲ್ಯ ಕಳೆದಂತೆ ಕಂಡಿತು. ಮೂವರು ಬ್ರಿಟನ್ನಿಗಿಂತ ಬೆಚ್ಚಗಿನ ದಕ್ಷಿಣದ ನಾಡುಗಳಿಂದ ಬಂದಿರಬಹುದು ಎಂದು ಸಂಶೋಧಕರು ಎಚ್ಚರಿಕೆಯಿಂದ ಸೂಚಿಸಿದರು. ಬ್ರಿಟನ್ನಿನಲ್ಲೇ ಬೆಳೆದ ಐವರಲ್ಲಿ ಒಬ್ಬನ ತಲೆಬುರುಡೆಯ ಆಕಾರ ಆಫ್ರಿಕಾದ ಪೂರ್ವಜರನ್ನು ಸೂಚಿಸುವಂತಿತ್ತು. ಈ ಕೊನೆಯ ವಿವರ ಬಹಳ ಮುಖ್ಯ. ಐಸೊಟೋಪ್ ಬೆಳೆದ ಊರನ್ನು ಹೇಳುತ್ತದೆಯೇ ಹೊರತು ಪೂರ್ವಜರನ್ನಲ್ಲ, ತಲೆಬುರುಡೆಯ ಆಕಾರ ಪೂರ್ವಜರ ಬಗ್ಗೆ ದುರ್ಬಲವಾದ ಸುಳಿವನ್ನು ಮಾತ್ರ ಕೊಡುತ್ತದೆ. ಎಂಟು ಜನರ ಫಲಿತಾಂಶವನ್ನು 400 ಜನರಿಗೆ ಶೇಕಡಾವಾರು ಹಂಚುವ ಪತ್ರಿಕಾ ಶೀರ್ಷಿಕೆಗಳನ್ನು ನಂಬಬಾರದು.

ಜೊತೆಗೆ ಸಿಕ್ಕ ಪ್ರಾಣಿಗಳ ಮೂಳೆಗಳನ್ನು ಕಡೆಗಣಿಸಬೇಡಿ. ಪೀಪಾಯಿಗಳಲ್ಲಿದ್ದ ದನದ ಎಲುಬು, ಬುಟ್ಟಿಗಳಲ್ಲಿದ್ದ ಕಾಡ್ ಮೀನಿನ ಮುಳ್ಳು ಊಟದ ನೇರ ಪುರಾವೆಗಳು. ಬಡಗಿಯ ಕೋಣೆಯ ಬಾಗಿಲ ಬಳಿ ಸಿಕ್ಕ, ಇಲಿ ಹಿಡಿಯಲು ಸಾಕಿದ್ದಿರಬಹುದಾದ ಎಳೆಯ ನಾಯಿಯ ಅಸ್ಥಿಪಂಜರ ಇಲಿಗಳ ಕಾಟವನ್ನೂ ನೆನಪಿಸುತ್ತದೆ. ಹೇನು ಬಾಚುವ ಹತ್ತಾರು ಬಾಚಣಿಗೆಗಳು, ವೈದ್ಯನ ಪೆಟ್ಟಿಗೆಯಲ್ಲಿದ್ದ ಮುಲಾಮಿನ ಜಾಡಿಗಳು ಮೂಳೆ ಹೇಳದ ಕಾಯಿಲೆಗಳನ್ನು ಹೇಳುತ್ತವೆ.

ಬೆಂಗಳೂರಿಗೆ ಸಂಬಂಧವಿರುವ ಒಂದು ವಿಧಾನ

ಮಾದರಿಯನ್ನು ಪುಡಿ ಮಾಡಿಯೋ ಕರಗಿಸಿಯೋ ನಡೆಸುವ ಪರೀಕ್ಷೆಗಳಿಂದ ಮೂಳೆಯ ಒಂದು ಭಾಗ ಶಾಶ್ವತವಾಗಿ ನಷ್ಟವಾಗುತ್ತದೆ. ಹಾನಿ ಮಾಡದೆ ಓದುವ ವಿಧಾನಗಳಲ್ಲಿ ರಾಮನ್ ಪರಿಣಾಮವನ್ನು ಆಧರಿಸಿದ್ದು ಮುಖ್ಯವಾದುದು. ವಸ್ತುವಿನ ಮೇಲೆ ಬಿದ್ದ ಬೆಳಕಿನ ಅಲ್ಪ ಭಾಗ ಅದರ ಅಣುಗಳ ಕಂಪನಕ್ಕೆ ತಕ್ಕಂತೆ ತರಂಗಾಂತರ ಬದಲಿಸಿಕೊಂಡು ಚದರುತ್ತದೆ ಎಂಬುದನ್ನು 1928ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ಸಿ.ವಿ. ರಾಮನ್, 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, 1948ರಲ್ಲಿ ಇಲ್ಲಿಯೇ ತಮ್ಮ ಹೆಸರಿನ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ತಂಡ ಇದೇ ವಿಧಾನದಿಂದ ಮೇರಿ ರೋಸ್‌ನ 13ರಿಂದ 40 ವರ್ಷದೊಳಗಿನ 12 ಜನರ ಕೊರಳೆಲುಬುಗಳನ್ನು ಪರೀಕ್ಷಿಸಿ 2024ರಲ್ಲಿ ಫಲಿತಾಂಶ ಪ್ರಕಟಿಸಿತು. ವಯಸ್ಸಾದಂತೆ ಮೂಳೆಯ ಖನಿಜಾಂಶ ಹೆಚ್ಚುತ್ತ ಪ್ರೋಟೀನಿನ ಅಂಶ ತುಸು ಕಡಿಮೆಯಾಗುವುದು ಕಂಡಿತು, ಆ ಬದಲಾವಣೆ ಬಲಗಡೆಯ ಮೂಳೆಯಲ್ಲಿ ಹೆಚ್ಚಾಗಿತ್ತು. ಹಡಗಿನ ಕೆಲಸದಲ್ಲಿ ಬಲಗೈಯೇ ಹೆಚ್ಚು ದುಡಿದಿತ್ತೆಂಬುದು ಅವರ ವಿವರಣೆ. 12 ಜನರ ಮಾದರಿ ಸಣ್ಣದು, ಆದರೂ ಒಂದೇ ದೇಹದ ಎಡ-ಬಲಗಳನ್ನು ಹೋಲಿಸಿದ್ದರಿಂದ ಆಹಾರ, ವಂಶ, ಕಾಲ, ಹೂಳು ಇವೆಲ್ಲ ಎರಡೂ ಬದಿಗೆ ಸಮವಾಗಿರುತ್ತವೆ. ಈ ಹೋಲಿಕೆಯ ಜಾಣ್ಮೆ ಅನುಕರಣೀಯ.

ವರದಿ ಓದುವಾಗ, ಅಸ್ಥಿ ಎದುರಾದಾಗ

ವರದಿಯೊಂದು ಕೈಗೆ ಬಂದಾಗ ಅದರ ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ‘ತೋರಿಸುತ್ತದೆ’, ‘ಸೂಚಿಸುತ್ತದೆ’, ‘ಆಗಿರಬಹುದು’ ಎಂಬ ಮೂರೂ ಬೇರೆ ಬೇರೆ ಮಟ್ಟದ ಖಚಿತತೆಯನ್ನು ಹೇಳುತ್ತವೆ. ಒಂದು ಗುರುತಿಗೆ ಬೇರೆ ಕಾರಣ ಏನಿರಬಹುದು ಎಂದು ಲೇಖಕರು ಚರ್ಚಿಸಿದ್ದಾರೆಯೇ, ಬೇರೊಂದು ಗುಂಪಿನೊಂದಿಗೆ ಹೋಲಿಸಿದ್ದಾರೆಯೇ ಎಂದು ನೋಡಿ. ಸ್ಟರ್ಲ್ಯಾಂಡ್ ಮೇರಿ ರೋಸ್‌ನವರನ್ನು ನಾರ್ವಿಚ್ ಪಟ್ಟಣದ ಮಧ್ಯಯುಗದ ಸ್ಮಶಾನವೊಂದರ ಜನರೊಂದಿಗೆ ಹೋಲಿಸಿದ್ದರಿಂದಲೇ ಹಡಗಿನವರ ವಿಶೇಷ ಎದ್ದು ಕಂಡಿತು.

ಕೊನೆಯದಾಗಿ, ಇವು ಮನುಷ್ಯರ ಅಸ್ಥಿಗಳು. ಮೇರಿ ರೋಸ್‌ನ ಒಬ್ಬ ಅನಾಮಿಕ ನಾವಿಕನನ್ನು 1984ರಲ್ಲಿ ಪೋರ್ಟ್ಸ್‌ಮತ್‌ನ ಕ್ಯಾಥೆಡ್ರಲ್‌ನಲ್ಲಿ ಸಮಾಧಿ ಮಾಡಲಾಯಿತು. ಹನ್ಲಿಯ ಎಂಟೂ ಜನರ ಅಂತ್ಯಕ್ರಿಯೆ 2004ರಲ್ಲಿ ನಡೆಯಿತು. ವಾಸಾದವರ ಅಸ್ಥಿಗಳನ್ನು 1963ರಲ್ಲಿ ಹೂಳಿ, 1989ರಲ್ಲಿ ಮತ್ತೆ ಹೊರತೆಗೆದು ಅಧ್ಯಯನಕ್ಕೆ ಕೊಟ್ಟರು. ಹಾಗೆ ಹೊರತೆಗೆಯದಿದ್ದರೆ ಗರ್ಟ್ರೂಡ್ ಇಂದಿಗೂ ಗುಸ್ತಾವ್ ಆಗಿಯೇ ಉಳಿಯುತ್ತಿದ್ದಳು. ಹೂಳಬೇಕೇ ಉಳಿಸಬೇಕೇ ಎಂಬ ಪ್ರಶ್ನೆಗೆ ಎಲ್ಲೆಡೆಗೂ ಒಪ್ಪುವ ಉತ್ತರವಿಲ್ಲ. ಗೌರವದಿಂದ ಕಾಪಿಟ್ಟು, ಹೊಸ ವಿಧಾನ ಬಂದಾಗ ಮತ್ತೆ ಕೇಳುವ ಅವಕಾಶ ಉಳಿಸಿಕೊಳ್ಳುವುದು ಲೇಸೆಂಬುದು ನನ್ನ ಅಭಿಪ್ರಾಯ. ಸಮುದ್ರದಲ್ಲಿನ ಎಲ್ಲ ಮಾನವ ಅಸ್ಥಿಗಳಿಗೂ ತಕ್ಕ ಗೌರವ ಸಲ್ಲಬೇಕೆಂದು ಯುನೆಸ್ಕೋದ 2001ರ ಒಪ್ಪಂದವೂ ಹೇಳುತ್ತದೆ.

ಮುರುಡೇಶ್ವರದ ಬಳಿಯ ನೇತ್ರಾಣಿಯಲ್ಲೋ ಇನ್ನೆಲ್ಲಾದರೂ ಸ್ಕೂಬಾ ಡೈವಿಂಗ್ ಮಾಡುವವರಿಗೆ ಹಳೆಯ ಮರದ ತೊಲೆ, ಮಡಕೆ, ಮೂಳೆಗಳ ರಾಶಿ ಕಣ್ಣಿಗೆ ಬಿದ್ದರೆ ಯಾವುದನ್ನೂ ಮುಟ್ಟಬೇಡಿ, ನೆನಪಿಗೆಂದು ಒಂದು ತುಂಡನ್ನೂ ತರಬೇಡಿ. ಸ್ಥಳದ ಗುರುತು, ಆಳ, ಸಾಧ್ಯವಾದರೆ ಒಂದೆರಡು ಫೋಟೋ ಇಷ್ಟನ್ನು ತೆಗೆದುಕೊಂಡು ಕರಾವಳಿ ಕಾವಲು ಪೊಲೀಸರಿಗೂ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಗೂ ತಿಳಿಸಿ, ಆ ಇಲಾಖೆಯಲ್ಲಿ ಜಲಾಂತರ ಪುರಾತತ್ತ್ವಕ್ಕೆಂದೇ ಒಂದು ವಿಭಾಗವಿದೆ. ಸಿಕ್ಕ ಜಾಗದ ವಿವರಗಳನ್ನು ಸಾಮಾಜಿಕ ಜಾಲತಾಣಗಳಲ್ಲಿ ಹಂಚಬೇಡಿ. ನೀರಿನಿಂದ ಹೊರಬಂದ ಮೂಳೆಯನ್ನು ಬಿಸಿಲಿಗಿಟ್ಟರೆ ಒಳಗಿನ ಉಪ್ಪು ಹರಳುಗಟ್ಟಿ ಅದನ್ನು ಸೀಳುತ್ತದೆ. ಮೇರಿ ರೋಸ್‌ನಂಥ ಕಡೆಗಳಲ್ಲಿ ಸಂರಕ್ಷಕರು ಅದನ್ನು ಸಿಹಿನೀರಿನಲ್ಲಿ ನೆನೆಸಿ ಉಪ್ಪು ತೆಗೆದ ಮೇಲೆಯೇ ನಿಧಾನವಾಗಿ ಒಣಗಿಸುತ್ತಾರೆ. ಆದ್ದರಿಂದ ಮೀನುಗಾರರ ಬಲೆಯಲ್ಲಿ ಅಕಸ್ಮಾತ್ ಮೂಳೆ ಬಂದರೂ, ಅಧಿಕಾರಿಗಳು ಬರುವವರೆಗೆ ಅದನ್ನು ಒದ್ದೆಯಾಗಿಯೇ, ನೆರಳಿನಲ್ಲಿ ಇಟ್ಟಿರಬೇಕು.